ಸಣ್ಣವರಿದ್ದಾಗ ನೋಡಿದ ಕೆಂಪು ಗಾಡಿ ಯಾವುದು?

ಇವತ್ತು ದ್ರಾಕ್ಷಿ ಬಿಟ್ಟು ಒಂದು ಕಾರಿನ ಸುದ್ದಿ ಬರೀತೀನಿ. ನಗಬ್ಯಾಡ್ರಿ.

ನಾನು ಮೂರನೇ ಇಯತ್ತೆ ಇದ್ದಾಗ, ಅಂದ್ರ 1979ರ ಸುಮಾರಿಗೆ, ನಮ್ಮ ತೊರವಿ ನರಸಿಂಹ ದೇವರ ಗುಡಿಗೆ ಯಾರೋ ಸಾಹುಕಾರ ಮಂದಿ ಕೆಂಪು ಕಾರಿನಾಗ ಬಂದಿದ್ರು. ಮ್ಯಾಲ ಟಾಪ್ ಇರಲಿಲ್ಲ. ಓಣಿ ಹುಡುಗರೆಲ್ಲಾ ಸುತ್ತ ನಿಂತಿದ್ವಿ. ಅದು ಫಾರಿನ್ ರೇಸ್ ಗಾಡಿ ಅಂತ ನಾನು, ನಮ್ಮ ಅಣ್ಣ ಊರೆಲ್ಲಾ ಹೇಳಿಕೋತ ತಿರಗಿದ್ವಿ. ಅಪ್ಪ ಮಾತ್ರ "ಮದ್ರಾಸಿನಾಗ ಮಾಡಿದ ಗಾಡಿ ಅದು, ಡ್ರೈವರನ್ನ ಕೇಳೀನಿ" ಅಂದ. ನಾವು ನಕ್ವಿ. 40 ವರ್ಷ ನಕ್ವಿ.

ಹೋದ ವರ್ಷ ಮಗ ಫೋನಿನ್ಯಾಗ ಹಳೇ ಸ್ಪೋರ್ಟ್ಸ್ ಕಾರಿನ ಫೋಟೋ ಒಂದೊಂದ ತೋರಿಸಿದ. ಮೊದಲನೇದು ನೋಡಿ "ಇದ ಇರಬೇಕು" ಅಂದೆ. ಐದನೇದು ನೋಡಿ "ಅಲ್ಲಲ್ಲ, ಇದ" ಅಂದೆ. ಇಪ್ಪತ್ತು ಫೋಟೋ ಆಗೂದ್ರಾಗ ನನ್ನ ತಲ್ಯಾಗಿದ್ದ ಗಾಡಿ ಅಳಿಸಿಹೋಗಿ, ಅಲ್ಲಿ ಫೋನಿನ ಗಾಡಿ ಬಂದು ಕುಂತಿತ್ತು.

ಅದಕ್ಕ ನನ್ನ ಅಭಿಪ್ರಾಯ ಇಷ್ಟ. ಹಳೇದು ಏನರ ಗುರ್ತ ಹಿಡೀಬೇಕಂದ್ರ ಮೊದಲ ಫೋಟೋ ನೋಡಬ್ಯಾಡ್ರಿ. ನೆನಪಿದ್ದದ್ದನ್ನ ಹಾಳಿ ಮ್ಯಾಲ ಬರೀರಿ, ಆಮ್ಯಾಲ ನೋಡ್ರಿ. ಬಣ್ಣ, ಚಂದ ಬಿಡ್ರಿ, ಅದು ಹೆಂಗ ಕೆಲಸ ಮಾಡ್ತಿತ್ತು ಅನ್ನೋದನ್ನ ಬರೀರಿ. (ದ್ರಾಕ್ಷಿ ಎಲಿಗೂ ಇದ ನ್ಯಾಯ. ಫೋನಿನ್ಯಾಗ ಡೌನಿ ಫೋಟೋ ನೋಡಿ ತ್ವಾಟಕ್ಕ ಹೋದ್ರ ಪ್ರತಿ ಹಳದಿ ಚುಕ್ಕಿನೂ ಡೌನಿ ಆಗೇ ಕಾಣ್ತೈತಿ. ಎಲಿ ಹೊಳ್ಳಿಸಿ ಕೆಳಗ ಬಿಳಿ ಬೂಜು ಐತೇನು ಅಂತ ನೋಡೋರು ಎಷ್ಟು ಮಂದಿ?)

ಕುಂತು ಬರದೆ. ಬಂದದ್ದು ಮೂರ ಮಾತು. ಬಾಗಿಲ ಎರಡ. ಬಾನೆಟ್ ಎತ್ತಿದ್ರ ಮಡ್‌ಗಾರ್ಡ್, ಲೈಟ್ ಸಮೇತ ಇಡೀ ಮೂತಿ ಮುಂದಕ್ಕ ಬಾಗಿ, ಗಾಲಿ ಬಯಲಾಗಿ ಕಾಣ್ತಿದ್ವು. ಮತ್ತ, ಚಕ್ಕಡಿ ಹೊಳ್ಳಿಸಾಕ ತ್ರಾಸ ಆಗೋ ಓಣ್ಯಾಗ ಆ ಗಾಡಿ ಹಿಂದ-ಮುಂದ ಮಾಡದನ ಹೊಳ್ಳಿತ್ತು.

ವಿಜಯಪುರದಾಗ ಒಬ್ಬ ಹಳೇ ಮಿಸ್ತ್ರಿ ಚಾಚಾಗ ಓದಿ ಹೇಳಿದೆ. ಬಾನೆಟ್ಟಿನ ಮಾತು ಮುಗಿಯೂದ್ರಾಗ "ಸ್ಟ್ಯಾಂಡರ್ಡ್ ಹೆರಾಲ್ಡ್" ಅಂದ್ರು.

ಇಂಗ್ಲೆಂಡಿನ ಟ್ರಯಂಫ್‌ನವರು 1959ರಾಗ ತಂದ ಗಾಡಿ ಅದು, ರೂಪ ಕೊಟ್ಟಾವ ಇಟಲಿಯ ಮಿಕೆಲೊಟ್ಟಿ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಇಲ್ಲೇ ಮಾಡಿತು. ಚಾಸಿ ಬ್ಯಾರೆ, ಮ್ಯಾಲಿನ ಬಾಡಿ ಬ್ಯಾರೆ, ಬೋಲ್ಟ್ ಹಾಕಿ ಜೋಡಿಸಿದ್ದು. ಅದಕ್ಕ ಟಾಪ್ ಬಿಚ್ಚಿ ಓಡಿಸೋರು ಇದ್ರು. ಸುಮಾರು 25 ಫೂಟು ಜಾಗ ಸಿಕ್ರ ಪೂರಾ ಹೊಳ್ಳತಿತ್ತು. ರೇಸ್ ಗಾಡಿ ಅಲ್ಲ, ಸಂಸಾರಸ್ಥರ ಗಾಡಿ. ಆದ್ರ ಇದ ಚಾಸಿ ಗಿಡ್ಡ ಮಾಡಿ ಟ್ರಯಂಫ್‌ನವರು 1962ರಾಗ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರ್ ತಂದ್ರು, ಅದರ ಬಾನೆಟ್ಟೂ ಹಿಂಗ ತೆರೀತೈತಿ. ಅಷ್ಟರ ಮಟ್ಟಿಗೆ ನಮ್ಮದೂ ಪೂರಾ ಸುಳ್ಳಲ್ಲ.

ಖರೆ ಹೇಳಿದಾವ ಅಪ್ಪ. ಹೌದಪ್ಪ ಅನ್ನಾಕ ಅಂವ ಈಗಿಲ್ಲ. ಅಣ್ಣ ಇನ್ನೂ ಒಪ್ಪವಲ್ಲ.

ಗಾಡಿ ಯಾರದಿತ್ತು ಅನ್ನೋದು ಮಾತ್ರ ಗೊತ್ತಾಗಿಲ್ಲ. ಟಿಕೋಟಾ, ಬಬಲೇಶ್ವರ ಕಡೆ ನಿಮ್ಮ ಮನ್ಯಾಗ ಹಿರಿಯರಿದ್ರ ಕೇಳ್ರಿ. ಫೋಟೋ ತೋರಿಸಬ್ಯಾಡ್ರಿ ಮತ್ತ, ಬಾನೆಟ್ ಹೆಂಗ ತೆರೀತಿತ್ತು ಅಂತ ಕೇಳ್ರಿ.