ವಿದ್ವಾಂಸನ ಔದಾರ್ಯ

ಐರ್ಲೆಂಡಿನಿಂದ ಹೊರಟು, ಎಂಟನೆಯ ಶತಮಾನದಲ್ಲಿ ಬವೇರಿಯವನ್ನು ಸೇರಿ, ಸಾಲ್ಜ್‌ಬರ್ಗಿನ ಬಿಷಪ್ಪನಾದ ವರ್ಜಿಲನನ್ನು, ಭೂಮಿಯ ಅಡಿಯಲ್ಲಿಯೂ ಅನ್ಯ ಮನುಷ್ಯರುಂಟೆಂದು ಬೋಧಿಸಿದನೆಂಬ ಆಪಾದನೆಗಾಗಿಯೇ ಚರಿತ್ರಕಾರರು ಬಹುವಾಗಿ ಸ್ಮರಿಸುವರು. ಆದರೆ ಆತನ ಪಾಂಡಿತ್ಯದ ನಿಜವಾದ ಹಿರಿಮೆ ಬೇರೊಂದು ಪ್ರಸಂಗದಲ್ಲಿದೆಯೆಂದು ನಾನು ದೃಢವಾಗಿ ನಂಬುತ್ತೇನೆ. ಲ್ಯಾಟಿನ್ ವ್ಯಾಕರಣವನ್ನರಿಯದ ಪಾದ್ರಿಯೊಬ್ಬನು ಅಶುದ್ಧವಾಗಿ ಉಚ್ಚರಿಸಿ ಕೊಟ್ಟ ದೀಕ್ಷಾಸ್ನಾನವು ಅಸಿಂಧುವೆಂದೂ ಅದನ್ನು ಮತ್ತೆ ನೆರವೇರಿಸತಕ್ಕದ್ದೆಂದೂ ಮಹಾಪ್ರಭಾವಶಾಲಿಯಾದ ಆರ್ಚ್‌ಬಿಷಪ್ ಬೋನಿಫೇಸನು ವಿಧಿಸಲು, ಸ್ವತಃ ಶಾಸ್ತ್ರಜ್ಞನಾದ ವರ್ಜಿಲನು ಅದನ್ನೊಪ್ಪದೆ, ಶ್ರದ್ಧೆಯನ್ನು ಭಾಷಾಶುದ್ಧಿಯಿಂದ ಅಳೆಯಬಾರದೆಂಬ ಪಕ್ಷವನ್ನು ಹಿಡಿದು, ಪೋಪ್ ಜಕಾರಿಯಸನಿಗೆ ಬಿನ್ನವಿಸಿಕೊಂಡನು. ಪೋಪನೂ ಆ ಮತವನ್ನೇ ಎತ್ತಿಹಿಡಿದನು. ವಿದ್ಯೆಯು ಅವಿದ್ಯಾವಂತನಿಗೆ ಆಸರೆಯಾಗಿ ನಿಂತ ಇಂತಹ ನಿದರ್ಶನಗಳು ವಿರಳ. 774ರಲ್ಲಿ ಪ್ರಧಾನ ಇಗರ್ಜಿಯನ್ನು ಪ್ರತಿಷ್ಠಾಪಿಸಿ, ಕರಂಟಾನಿಯದ ಸ್ಲಾವರಲ್ಲಿಗೆ ಧರ್ಮಪ್ರಚಾರಕರನ್ನು ಕಳುಹಿಸಿ, 784ರಲ್ಲಿ ಕಾಲವಾದ ಈ ಮಹನೀಯನಿಗೆ ಸಂತಪದವಿ ದೊರೆತದ್ದು 1233ರಲ್ಲಿ.