ಬೂಷ್ಟಿನಿಂದ ಕಲಿಯಬೇಕಾದ ಪಾಠ

ಹಳಸಿದ ರೊಟ್ಟಿಯ ಮೇಲೆ ಬೂಷ್ಟು ಕಂಡರೆ ಮೂಗು ಮುಚ್ಚಿಕೊಂಡು ಹೊರಗೆಸೆಯುವುದು ನಮ್ಮೆಲ್ಲರ ಅಭ್ಯಾಸ. ಆದರೆ ವಂಶವಾಹಿಗಳು ಜೀವಕೋಶದಲ್ಲಿ ಮಾಡುವ ಕೆಲಸವೇನೆಂಬುದನ್ನು ಮನುಷ್ಯನಿಗೆ ತಿಳಿಸಿಕೊಟ್ಟ ಗುರುಗಳಲ್ಲಿ ನ್ಯೂರೋಸ್ಪೋರಾ ಎಂಬ ಕಿತ್ತಳೆ ಬಣ್ಣದ ಬೂಷ್ಟಿಗೆ ಹಿರಿಯ ಸ್ಥಾನವುಂಟು.

ಸಕ್ಕರೆ, ಕೆಲವು ಲವಣಗಳು, ಬಯೋಟಿನ್ ಎಂಬ ಒಂದು ಜೀವಸತ್ವ, ಇಷ್ಟು ದೊರೆತರೆ ಈ ಶಿಲೀಂಧ್ರವು ಉಳಿದುದನ್ನೆಲ್ಲ ತಾನೇ ತಯಾರಿಸಿಕೊಳ್ಳುತ್ತದೆ. ಅಮೆರಿಕದ ಬೀಡಲ್ ಮತ್ತು ಟೇಟಂ ಅವರು ಇದನ್ನು ಕ್ಷ-ಕಿರಣಕ್ಕೆ ಒಡ್ಡಿ, ಮುಂದಿನ ಪೀಳಿಗೆಯ ಬೀಜಾಣುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 299ನೆಯ ಬೀಜಾಣುವಿನಿಂದ ಬೆಳೆದ ತಳಿಗೆ ಬಿ6 ಜೀವಸತ್ವವನ್ನು ಹೊರಗಿನಿಂದ ಉಣಿಸಬೇಕಾಯಿತು. ಒಂದು ವಂಶವಾಹಿ ಕೆಟ್ಟರೆ ಒಂದು ರಾಸಾಯನಿಕ ಕ್ರಿಯೆ ನಿಲ್ಲುವುದೆಂದು ಅವರು 1941ರಲ್ಲಿ ಸಾರಿದರು. 1958ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಕ್ಷ-ಕಿರಣವು ಕತ್ತಲೆಯಲ್ಲಿ ಎಸೆದ ಕಲ್ಲು. ಯಾವ ವಂಶವಾಹಿಗೆ ತಗುಲುವುದೋ ಹೇಳಲಾಗದು. ಇಂದಿನ ಸಾಧನಗಳಾದರೋ ಗುರಿ ತಪ್ಪುವುದು ವಿರಳ. 2003ರಲ್ಲಿ ನ್ಯೂರೋಸ್ಪೋರಾದ ಸುಮಾರು 10,000 ವಂಶವಾಹಿಗಳ ಪಟ್ಟಿ ಪ್ರಕಟವಾಯಿತು. ಹೊರಗಿನ ಡಿ.ಎನ್.ಎ. ತುಣುಕನ್ನು ಸಿಕ್ಕಸಿಕ್ಕಲ್ಲಿ ಅಂಟಿಸಿಕೊಳ್ಳುವುದು ಈ ಶಿಲೀಂಧ್ರದ ಚಾಳಿ. ಆ ಅಂಟಿಸುವ ಶಕ್ತಿಯನ್ನೇ ಕಳೆದುಕೊಂಡ ತಳಿಯನ್ನು ಜಪಾನಿನ ವಿಜ್ಞಾನಿಗಳು 2004ರಲ್ಲಿ ಬಳಸಿದಾಗ, ಬೇಕಾದ ವಂಶವಾಹಿಯನ್ನೇ ತೆಗೆದು ಅದರ ಜಾಗದಲ್ಲಿ ಬೇರೊಂದನ್ನು ಕೂರಿಸುವುದು ಸುಲಭವಾಯಿತು. ಹೀಗೆ ಒಂದೊಂದು ವಂಶವಾಹಿಯನ್ನು ಕಳೆದ ಸಾವಿರಾರು ತಳಿಗಳು ಈಗ ಸಂಗ್ರಹಾಲಯದಲ್ಲಿವೆ.

ಇಷ್ಟಾದರೂ ಅನೇಕ ವಂಶವಾಹಿಗಳ ಕೆಲಸ ಇನ್ನೂ ತಿಳಿದಿಲ್ಲ. ಅವನ್ನು ತೆಗೆದುಹಾಕಿದರೂ ಬೂಷ್ಟು ಎಂದಿನಂತೆ ಬೆಳೆಯುತ್ತದೆ. ಹಾಗಾದರೆ ಅವು ನಿಷ್ಪ್ರಯೋಜಕವೆನ್ನೋಣವೆ? ಅದು ಅವಸರದ ತೀರ್ಪೆಂಬುದು ನಮ್ಮ ಅಭಿಪ್ರಾಯ. ಬೇಸಗೆಯಲ್ಲಿ ಕಳೆದ ಕೊಡೆಯ ನೆನಪಾಗುವುದು ಮಳೆ ಬಂದಾಗಲೇ ಸರಿ. ಹಸಿವು, ಸೆಕೆ, ಕತ್ತಲೆ ಮೊದಲಾದ ಕಷ್ಟಗಳಿಗೆ ಒಡ್ಡಿ ನೋಡದ ಹೊರತು ಕಳೆದುದರ ಬೆಲೆ ತಿಳಿಯದು.

ಇದು ಬರಿಯ ಕುತೂಹಲದ ವಿಷಯವಲ್ಲ. ಭತ್ತದ ಬೆಂಕಿರೋಗವನ್ನು ತರುವ ಶಿಲೀಂಧ್ರದಲ್ಲಿ ಪಿಎಂಕೆ1 ಎಂಬ ಒಂದೇ ವಂಶವಾಹಿಯನ್ನು ಕೆಡಿಸಿದರೆ, ಎಲೆಯನ್ನು ಭೇದಿಸುವ ಅಂಗವನ್ನು ಅದು ರಚಿಸಲಾರದೆಂದು 1996ರಲ್ಲಿ ತಿಳಿದುಬಂದಿತು. ರೈತನ ಶತ್ರುವಿನ ಮರ್ಮವನ್ನು ಅರಿಯುವ ದಾರಿ ಇದೇ.

ಕತ್ತರಿ ಹರಿತವಾಗಿದೆ, ಬೇಕಾಗಿರುವುದು ತಾಳ್ಮೆಯ ಕಣ್ಣು. ನಮ್ಮ ಕಾಲೇಜುಗಳಲ್ಲಿ ಶಿಲೀಂಧ್ರದ ಚಿತ್ರ ಬರೆದು ಅಂಕ ಪಡೆದರೆ ಸಾಲದು. ನ್ಯೂರೋಸ್ಪೋರಾ ಒಂದೇ ದಿನದಲ್ಲಿ ಹಲವು ಸೆಂಟಿಮೀಟರು ಬೆಳೆಯುತ್ತದೆ. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಅಳತೆಪಟ್ಟಿ ಹಿಡಿದ ವಿದ್ಯಾರ್ಥಿಯೂ ಅದರ ಬೆಳವಣಿಗೆಯನ್ನು ಅಳೆಯಬಲ್ಲ. ಜೀವಸತ್ವವಿಲ್ಲದೆ ಬೆಳೆಯದ ತಳಿಯನ್ನೂ ಬೆಳೆಯುವ ತಳಿಯನ್ನೂ ಎರಡು ಗಾಜಿನ ನಳಿಗೆಗಳಲ್ಲಿ ಕಣ್ಣಾರೆ ಕಂಡವನಿಗೆ ವಂಶವಾಹಿ ಎಂಬುದು ಬಾಯಿಪಾಠದ ಮಾತಾಗಿ ಉಳಿಯದು.