ಕುರಿಯವನಿಗೆ ಎಷ್ಟು ಕೊಟ್ಟಿರಿ?

ಬೆಂಗಳೂರಿನ ಒಂದು ಕರಕುಶಲ ಮೇಳದಲ್ಲಿ ಮಗಳು ನನಗೊಂದು ಉಣ್ಣೆ ಸ್ಕಾರ್ಫ್ ಕೊಡಿಸಿದಳು. 3,800 ರೂಪಾಯಿ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ಪಾರಂಪರಿಕ ನೇಯ್ಗೆ, ನೈಸರ್ಗಿಕ ಉಣ್ಣೆ, ಮೂಲ ಪತ್ತೆಹಚ್ಚಬಹುದು ಎಂದೆಲ್ಲ ಇತ್ತು. ಮೂಲೆಯಲ್ಲಿ ಕ್ಯೂಆರ್ ಕೋಡ್. ಮಗಳು ಮೊಬೈಲ್ ಹಿಡಿದಳು. ಹಿಮದ ಬೆಟ್ಟ ಬಂತು, ಬುಡದಲ್ಲಿ ನಾಲ್ಕು ಕುರಿ, ಜೊತೆಗೆ ಕೊಳಲಿನ ನಾದ. ಯಾವ ಊರಿನ ಕುರಿ, ಯಾವ ತಳಿ, ಯಾರು ಕತ್ತರಿಸಿದರು, ಒಂದೂ ಇಲ್ಲ.

ಮನೆಗೆ ಬಂದು ಕುಚ್ಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರಿದೆ. ಉಣ್ಣೆಯಾದರೆ ಕೂದಲು ಸುಟ್ಟ ನಾತ ಬರಬೇಕು, ಕಡ್ಡಿ ತೆಗೆದರೆ ತಾನೇ ಆರಬೇಕು, ಉಳಿದ ಕರಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು. ನಾತವೇನೋ ಬಂತು. ಆದರೆ ತುದಿ ಕರಗಿ ಸಾಸಿವೆ ಕಾಳಿನಷ್ಟು ಗಟ್ಟಿ ಮಣಿಯಾಗಿ ನಿಂತಿತು. ಉಣ್ಣೆಯೊಡನೆ ಬೆರೆತದ್ದು ಅಕ್ರಿಲಿಕ್ಕೋ ಪಾಲಿಯೆಸ್ಟರೋ, ಅಂತೂ ಯಾವ ಕುರಿಯ ಮೈಯಲ್ಲೂ ಬೆಳೆದದ್ದಲ್ಲ. "ಪ್ರೀತಿಯಿಂದ ಕೊಡಿಸಿದ್ದನ್ನೂ ಸುಟ್ಟು ನೋಡ್ತೀಯಲ್ಲಪ್ಪ" ಅಂತ ಮಗಳು ಮುನಿಸಿಕೊಂಡಳು.

ಚಟ ಬಿಡದು. ಪಶುಪಾಲನಾ ಇಲಾಖೆಯಲ್ಲಿ ಪರಿವೀಕ್ಷಕನಾಗಿ ಚಳ್ಳಕೆರೆ, ಹಿರಿಯೂರು ಸೀಮೆಯ ಕುರಿಹಟ್ಟಿಗಳನ್ನು ಸುತ್ತಿದವನು ನಾನು. ಕರುಳುಬೇನೆ, ನೀಲಿ ನಾಲಿಗೆಗೆ ಸೂಜಿ ಹಾಕುತ್ತಲೇ ಕಂಬಳಿಯ ಒಳಗುಟ್ಟು ಕಲಿತೆ. ನಮ್ಮ ಕರಿ ಕಂಬಳಿಗೆ ಬಣ್ಣ ಹಾಕುವುದಿಲ್ಲ, ಕುರಿಯದೇ ಬಣ್ಣ. ಮರಿಯ ಮೊದಲ ಕತ್ತರಿಯ ಉಣ್ಣೆ ಕಡುಗಪ್ಪು, ಮೆತ್ತಗೆ. ವಯಸ್ಸಾದಂತೆ ಆ ಕಪ್ಪು ಕಂದಾಗುತ್ತದೆ, ನಮ್ಮ ತಲೆಯ ಹಾಗೆ ನರೆಯುತ್ತದೆ. ಹಟ್ಟಿಯ ಹಿರಿಯರು ಕಂಬಳಿಯ ಮೇಲೆ ಕೈಯಾಡಿಸಿ, ಇದರಲ್ಲಿ ಮರಿಯುಣ್ಣೆ ಎಷ್ಟು, ಹಳೆ ಕುರಿಯದೆಷ್ಟು ಎಂದು ಹೇಳುತ್ತಿದ್ದರು. ಅವರಿಗೆ ಕ್ಯೂಆರ್ ಕೋಡ್ ಬೇಕಿರಲಿಲ್ಲ.

ಹೆಂಗಸರು ಉಣ್ಣೆ ಹಿಂಜಿ ನೂಲುತ್ತಿದ್ದರು. ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜ ಅರೆದು ಕುದಿಸಿದ ಗಂಜಿಯನ್ನು ಎಳೆಎಳೆಗೂ ಹಿಡಿಯುವಂತೆ ಬಳಿಯುತ್ತಿದ್ದರು. ಬಿಸಿಲಿಗೆ ಅದು ಒಣಗುವಾಗಿನ ಹುಳಿಮಿಶ್ರಿತ ಕುರಿವಾಸನೆ ನನಗೆ ಇಂದಿಗೂ ಮೂಗಿನಲ್ಲಿದೆ. ಮಗ್ಗದಿಂದ ಇಳಿದ ಹೊಸ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಕೊಪ್ಪೆ ಹಾಕಿಕೊಂಡು ಹೊರಟರೆ ಜಡಿಮಳೆಯೂ ಮೇಲಿಂದಲೇ ಜಾರಿ ಹೋಗುತ್ತದೆ. ಕುರುಬರಲ್ಲಿ ಮದುವೆಗೆ ಉಣ್ಣೆಯ ಕಂಕಣ ಕಟ್ಟುವವರು ಉಣ್ಣೆಕಂಕಣದವರು, ಹತ್ತಿಯದನ್ನು ಕಟ್ಟುವವರು ಹತ್ತಿಕಂಕಣದವರು. ನೂಲಿನ ಮೂಲ ಮನೆತನದ ಗುರುತೇ ಆಗಿದ್ದ ಸೀಮೆ ಇದು.

ಆ ಗುರುತು ಅಳಿಯುವುದರಲ್ಲಿ ನನ್ನ ಪಾಲೂ ಇದೆ. ಮಾಂಸಕ್ಕೆ ಬೆಲೆ ಏರಿತು, ಉಣ್ಣೆಗೆ ಏರಲಿಲ್ಲ. ಕತ್ತರಿ ಹಾಕುವವನಿಗೆ ಕೊಡುವ ಕೂಲಿಯೂ ಉಣ್ಣೆ ಮಾರಿದರೆ ಹುಟ್ಟುತ್ತಿರಲಿಲ್ಲ. ಆಗ, ಬೇಗ ತೂಕ ಬರುವ, ಮೈಮೇಲೆ ಉಣ್ಣೆ ಕಡಿಮೆ ಇರುವ ಟಗರು ಬಿಡಿ ಎಂದು ಹಟ್ಟಿಹಟ್ಟಿಗೆ ಹೇಳಿದವನು ನಾನೇ. ಸಾಲದಲ್ಲಿದ್ದ ಸಂಸಾರಕ್ಕೆ ಬೇರೇನು ಹೇಳಲಿ? ಕತ್ತರಿಸಿದ ಉಣ್ಣೆಯನ್ನು ಜಾಲಿ ಗಿಡದ ಬುಡಕ್ಕೆ ಎಸೆದು ಹೋಗುತ್ತಿದ್ದರು. ಅದರ ಮೇಲೆ ನಾಯಿ ಮಲಗಿರುತ್ತಿತ್ತು. ಅತ್ತ ಕುರಿ ಮೇಯುತ್ತಿದ್ದ ದೊಡ್ಡಉಳ್ಳಾರ್ತಿ, ಖುದಾಪುರದ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಗಿ ಗೋಡೆ ಎದ್ದಿತು. ಮೇವಿಲ್ಲದ ಮೇಲೆ ತಳಿಯ ಮಾತೆಲ್ಲಿ?

ಜಾತ್ರೆಯಲ್ಲಿ ಅಗ್ಗದ ಕಂಬಳಿ ರಾಶಿ ಸಿಗುತ್ತದೆ. ಪಾಣಿಪತ್‌ನಲ್ಲಿ ಹಳೆ ಬಟ್ಟೆ ಚಿಂದಿ ಮಾಡಿ, ಅದನ್ನೇ ಮತ್ತೆ ನೂತು ನೇಯ್ದ ಹೊದಿಕೆಗಳೂ ಅದರಲ್ಲಿರುತ್ತವೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಚಳಿಯಲ್ಲಿ ಬಡವನನ್ನು ಕಾಯುತ್ತದೆ. ಅದಕ್ಕೆ ಕುರಿಯ ಚಿತ್ರ ಅಂಟಿಸಿದಾಗ ಮಾತ್ರ ಮೈ ಉರಿಯುತ್ತದೆ. ಕಂಬಳಿ ಮೇಲೆ ಕೂತು ಉಣ್ಣುವಾಗ ಕೂದಲು ಎಣಿಸಬಾರದು ಎನ್ನುತ್ತಾರೆ ನಮ್ಮಲ್ಲಿ. ಈಗ ಎಣಿಸಲೇಬೇಕು.

ಹೀಗೆ ಎಣಿಸಿದವರೂ ಇದ್ದಾರೆ. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಹ್ಯಾರಿಸ್ ಟ್ವೀಡ್ ಬಟ್ಟೆಗೆ ಬ್ರಿಟನ್ನಿನ ಸಂಸತ್ತು 1993ರಲ್ಲಿ ಕಾನೂನನ್ನೇ ಮಾಡಿತು. ದ್ವೀಪದವರು ತಮ್ಮ ಮನೆಯಲ್ಲೇ ಕೈಯಿಂದ ನೇಯಬೇಕು, ಬಣ್ಣ ಹಾಕುವುದು, ನೂಲುವುದೂ ದ್ವೀಪದಲ್ಲೇ ಆಗಬೇಕು. ಆದರೆ ಕುರಿ ಯಾವ ಊರಿನದಾದರೂ ನಡೆಯುತ್ತದೆ. ನೇಕಾರನಿಗೆ ಕಾವಲು ಸಿಕ್ಕಿತು, ಕುರಿಗಾಹಿಗೆ ಸಿಗಲಿಲ್ಲ. ಕಾಶ್ಮೀರ ಪಶ್ಮಿನಾಕ್ಕೆ 2008ರಲ್ಲಿ ಭೌಗೋಳಿಕ ಸೂಚಿಕೆ ಬಂತು. ಅದು ಪಶ್ಮಿನಾ ಕೊಡುವ ಮೇಕೆಯ ಮೈವರೆಗೂ ಹೋಗುತ್ತದೆ. ಆ ದಾರಿ ಮೇಲು.

ನಮ್ಮ ಪೇಟೆ ಹುಡುಗ ಹುಡುಗಿಯರು ಈಗ ನಮ್ಮ ದಖನಿ ತಳಿಯ ಕುರಿಯ ಉಣ್ಣೆಯಿಂದ ಸ್ಕಾರ್ಫು, ಹೊದಿಕೆ ಮಾಡಲು ಹೊರಟಿದ್ದಾರೆ. ಒಳ್ಳೆಯದೇ. ಕುತ್ತಿಗೆಗೆ ಚುಚ್ಚುತ್ತದೆ ಎಂದು ಮೆರಿನೋ ಬೆರೆಸುತ್ತೀರಾ, ಬೆರೆಸಿ. ಎಷ್ಟು ಎಂದು ಬರೆಯಿರಿ. ಹಟ್ಟಿಯ ಹೆಸರು, ಕತ್ತರಿ ಹಾಕಿದ ತಿಂಗಳು, ನೇಯ್ದವರು ಯಾರು ಎಂಬುದನ್ನೂ ಬರೆಯಿರಿ. ಇಷ್ಟಕ್ಕೆ ಹೆಚ್ಚಿನವರು ಒಪ್ಪುತ್ತಾರೆ. ನಾನು ಕೇಳುವುದು ಇನ್ನೊಂದು ಸಾಲು: ಉಣ್ಣೆಗೆ ಕುರಿಯವನಿಗೆ ಕಿಲೋಗೆ ಎಷ್ಟು ಕೊಟ್ಟಿರಿ? ಆ ಅಂಕಿಯನ್ನು ಚೀಟಿಯಲ್ಲಿ ಅಚ್ಚು ಹಾಕಿ. ಮೂಲ ತೋರಿಸುತ್ತೇವೆ ಎಂದ ಮೇಲೆ ಮೂಲದವನ ಜೇಬಿಗೆ ಬಿದ್ದದ್ದನ್ನು ಮುಚ್ಚಿಡುವುದೇಕೆ? ಸರ್ಕಾರಿ ವೇದಿಕೆಗಳಲ್ಲಿ ಮಂತ್ರಿಗಳಿಗೆ ಹೊದಿಸುತ್ತಾರಲ್ಲ, ಆ ಕಂಬಳಿಗಳಿಂದಲೇ ಇದು ಶುರುವಾಗಲಿ. ಉಣ್ಣೆಗೆ ಬೆಲೆ ಇದೆ ಎಂದು ಹಟ್ಟಿಗೆ ಗೊತ್ತಾದರೆ ಕರಿ ಟಗರು ತಾನಾಗಿ ಮರಳುತ್ತದೆ. ನನ್ನಂಥವನ ಸಲಹೆ ಬೇಕಿಲ್ಲ.

ಹೋದ ವರ್ಷ ಪರಿಚಯದ ಹಟ್ಟಿಯೊಂದಕ್ಕೆ ಹೋಗಿದ್ದೆ. ಮಗ್ಗದ ಮುಂದೆ ಕೂತಿದ್ದ ಅಜ್ಜಿ ಗುರುತು ಹಿಡಿದು ಚಾಪೆ ಹಾಸಿತು. ಪಕ್ಕದಲ್ಲಿ ಮಡಚಿಟ್ಟ ಕಂಬಳಿ ಮುಟ್ಟಿ, ಇದು ಯಾವ ಕುರಿದಮ್ಮ ಎಂದೆ.

"ಅದು ಮಾರಾದು ಡಾಕ್ಟ್ರೇ. ನೂಲು ಪ್ಯಾಟೆದು, ಕುರಿ ಯಾವ್ದೋ ಏನೋ," ಎಂದಿತು ಅಜ್ಜಿ. ಆಮೇಲೆ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿ ಬೇವಿನ ಸೊಪ್ಪು ಇಟ್ಟಿದ್ದ ಇನ್ನೊಂದನ್ನು ತಂದು ನನ್ನ ತೊಡೆಯ ಮೇಲೆ ಹಾಕಿತು. ಕಡುಗಪ್ಪು, ಒಂದು ಕಂದು ಎಳೆಯೂ ಇಲ್ಲ. ಬೆಲೆ ಕೇಳಿದೆ.

"ಇದು ಮೊಮ್ಮಗನ ಮದ್ವಿ ಗದ್ದಿಗೆಗೆ. ಇದನ್ನ ಕೊಡಾಕೆ ಬರಾಕಿಲ್ಲ."